ಸಮುದ್ರಕ್ಕೆ ಸುರಿದ ಗುಡ್ಡ

ಮೈಸೂರಿನ ಸಂತೆಪೇಟೆಗೆ ಹೋದದ್ದು ಬಾಗಿಲಿಗೆ ಒಂದು ಚಿಲಕ ತರಲು. ಹಿಂಡಿ ಬೂಸಾ ಅಂಗಡಿಯ ಮುಂದೆ ಟೆಂಪೋದಿಂದ ಮೂಟೆ ಇಳಿಸುತ್ತಿದ್ದರು. ಒಂದು ಮೂಟೆಯ ಹೊಲಿಗೆ ಬಿಚ್ಚಿಕೊಂಡು ಹಿಂಡಿಯ ಚೂರುಗಳು ರಸ್ತೆಗೆ ಚೆಲ್ಲಿದವು. ಕಾಳಿನಿಂದ ಎಣ್ಣೆಯನ್ನೆಲ್ಲ ತೆಗೆದ ಮೇಲೆ ಉಳಿಯುವ ಆ ಗಟ್ಟಿ ಚರಟಕ್ಕೆ ಒಂದು ವಾಸನೆಯಿದೆ. ಒಂದಿಷ್ಟು ಹುರಿದಂತೆ, ಒಂದಿಷ್ಟು ಕಮಟಿದಂತೆ. ಮೂಗಿಗೆ ಬಂದರೆ ಬೇಗ ಹೋಗುವುದಿಲ್ಲ. ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಅಲ್ಲೇ ನಿಂತುಬಿಟ್ಟೆ.

"ಏನ್ ಸಾರ್, ಹಸೂಗಾ ಎಮ್ಮೇಗಾ?" ಎಂದು ಅಂಗಡಿಯವರು ಕೇಳಿದರು.

ನನ್ನ ಬಳಿ ಎರಡೂ ಇರಲಿಲ್ಲ. ಸುಮ್ಮನೆ ಒಂದು ಚೂರು ಕೊಡಿ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಪೇಪರಿನಲ್ಲಿ ಸುತ್ತಿ ಕೊಟ್ಟು, ಬೇಗ ಹೊರಡಿ ಎಂಬಂತೆ ಕೈ ಮುಗಿದರು. ಆ ಪೊಟ್ಟಣ ಈಗ ನನ್ನ ಮೇಜಿನ ಮೇಲಿದೆ. "ಇಲಿ ಬರುತ್ತೆ, ತೆಗೀ ಅದನ್ನ" ಎಂದು ಹೆಂಡತಿ ರೇಖಾ ಆಗಲೇ ಹೇಳಿಯಾಯಿತು. ತೆಗೆಯುತ್ತೇನೆ. ಅದಕ್ಕೆ ಮೊದಲು ಜಪಾನಿನ ಕ್ಯೋಟೋದ ಆ ಒಂದು ವರ್ಷವನ್ನು ಬರೆದು ಮುಗಿಸಬೇಕು. ಅಲ್ಲಿನ ನಮ್ಮ ಮನೆಯೊಡತಿ ಮೋರಿತಾ ಸಾನ್ ಈಗ ಇಲ್ಲ. ಬರೆದರೆ ಬೇಸರ ಮಾಡಿಕೊಳ್ಳುವವರೂ ಯಾರೂ ಉಳಿದಿಲ್ಲ.

ಅದು ಕೊರೊನಾದ ಮೊದಲ ವರ್ಷ. ಕಾಮೋ ನದಿಯ ಪೂರ್ವ ದಡದಲ್ಲಿ, ಎರಡು ನದಿಗಳು ಕೂಡುವ ಜಾಗಕ್ಕೆ ಹತ್ತಿರದ ಒಂದು ಗಲ್ಲಿಯ ಹಳೆಯ ಮರದ ಮನೆಯಲ್ಲಿ ನಾವಿದ್ದೆವು. ಕೆಳಗೆ ಮನೆಯೊಡತಿ ಮೋರಿತಾ ಸಾನ್, ಮಹಡಿಯ ಮೇಲೆ ನಾನು ಮತ್ತು ರೇಖಾ. ಸಾನ್ ಎಂದರೆ ಅಲ್ಲಿ ಹೆಸರಿಗೆ ಸೇರಿಸುವ ಮರ್ಯಾದೆಯ ಮಾತು. ಮೋರಿತಾ ಸಾನ್‌ಗೆ ಎಂಬತ್ತು ದಾಟಿತ್ತು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೆಳಗ್ಗೆ ನಾವು ಏಳುವ ಮೊದಲೇ ಅವರು ಗಲ್ಲಿಯನ್ನು ಗುಡಿಸಿ, ನೀರು ಚಿಮುಕಿಸಿ, ನಮ್ಮ ಸೈಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿರುತ್ತಿದ್ದರು. ಸೊಟ್ಟಗೆ ನಿಂತ ಸೈಕಲ್ ಅವರಿಗೆ ಸಹಿಸಲಾಗದ ವಸ್ತು.

ನಾನು ವಿಶ್ವವಿದ್ಯಾಲಯದಲ್ಲಿ ಸಂಶೋಧಕನಾಗಿದ್ದೆ. ಚೀನಾದ ಬಂದರು ಊರುಗಳು ವ್ಯಾಪಾರದಿಂದ, ಕಾರ್ಖಾನೆಗಳಿಂದ ಹೇಗೆ ಆಕಾರ ಬದಲಿಸಿದವು ಎಂಬುದು ನನ್ನ ವಿಷಯ. ಸಮುದ್ರವನ್ನು ಮೊದಲ ಸಲ ಸ್ಕೂಲ್ ಪ್ರವಾಸದಲ್ಲಿ ನೋಡಿ, ಅದಕ್ಕೆ ಹೆದರಿ ಬಸ್ಸಿನಲ್ಲೇ ಕುಳಿತಿದ್ದ ಮೈಸೂರಿನವನಿಗೆ ಈ ಬಂದರುಗಳು ಹೇಗೆ ಗಂಟುಬಿದ್ದವು ಎಂದು ನೆಂಟರು ಕೇಳುತ್ತಿದ್ದರು. ನನಗೂ ಗೊತ್ತಿಲ್ಲ. ಮನೆ ಬಾಡಿಗೆಗೆ ಕೇಳಲು ಬಂದ ದಿನ, ಯಾವ ಊರಿನ ಮೇಲೆ ಕೆಲಸ ಮಾಡುತ್ತೀರಿ ಎಂದು ಮೋರಿತಾ ಸಾನ್ ಕೇಳಿದ್ದರು. ದಾಲಿಯನ್ ಎಂದೆ. ಚಹಾ ಬಗ್ಗಿಸುತ್ತಿದ್ದ ಅವರ ಕೈ ನಿಂತಿತು. ಆ ಹೆಸರನ್ನು ಅವರು ಹಳೆಯ ಜಪಾನಿ ಉಚ್ಚಾರದಲ್ಲಿ "ದಾಯ್‌ರೆನ್" ಎಂದು ತಿರುಗಿ ಹೇಳಿದರು. "ನಾನು ಹುಟ್ಟಿದ್ದು ಅಲ್ಲೇ" ಎಂದರು. ಮನೆ ನಮಗೆ ಸಿಕ್ಕಿತು.

ಆ ವರ್ಷ ಚೆರಿ ಹೂ ಬಿಡುವ ಹೊತ್ತಿಗೆ ನಾನು ದಾಲಿಯನ್‌ಗೆ ಹೋಗುವುದಿತ್ತು, ಮೋರಿತಾ ಸಾನ್ ಕೂಡ ಜೊತೆಗೆ ಬರುವವರಿದ್ದರು. ಅವರು ನಡೆಯಲು ಹೊಸ ಶೂ ಕೊಂಡಿದ್ದರು. ಒಂದು ಹಳೆಯ ಚಹಾ ಡಬ್ಬಿಯನ್ನು ತೊಳೆದು, ಬಿಸಿಲಿಗಿಟ್ಟು, ಮನೆಯ ಹಿರಿಯರನ್ನು ನೆನೆಯುವ ಬುದ್ಧನ ಗೂಡಿನ ಪಕ್ಕದಲ್ಲಿ ಇರಿಸಿದ್ದರು. ಅಷ್ಟರಲ್ಲಿ ವಿಮಾನಗಳು ನಿಂತವು, ಗಡಿ ಮುಚ್ಚಿತು. ಹೂ ಬಿಟ್ಟಿತು, ನೋಡಲು ಯಾರೂ ಬರಲಿಲ್ಲ. ಜನ ಕಾಲಿಡಲು ಜಾಗವಿಲ್ಲದೆ ನೂಕಾಡುತ್ತಿದ್ದ ದೇವಸ್ಥಾನದ ಬೀದಿಗಳಲ್ಲಿ ಅಂಗಡಿಗಳ ಶಟರು ಎಳೆದಿತ್ತು. ಬಸ್ಸುಗಳು ಮಾತ್ರ ಹೊತ್ತಿಗೆ ಸರಿಯಾಗಿ ಬಂದು, ಖಾಲಿ ನಿಲ್ದಾಣದಲ್ಲಿ ಬಾಗಿಲು ತೆರೆದು, ಯಾರೂ ಹತ್ತದಿದ್ದರೂ ಮುದ್ರಿತ ದನಿಯಲ್ಲಿ ಅರಿಗಾತೋ, ಧನ್ಯವಾದ ಎಂದು ಹೇಳಿ ಹೋಗುತ್ತಿದ್ದವು. ಯಾರಿಗೆ ಹೇಳುತ್ತಿವೆ ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತಿತ್ತು. ಆ ಹೊಸ ಶೂಗಳು ವರ್ಷವಿಡೀ ಹೊಸ್ತಿಲ ಬಳಿ, ಮೂತಿ ಹೊರಗೆ ಮಾಡಿಕೊಂಡು, ಹಾಗೆಯೇ ಇದ್ದವು.

ಅವರು ಯಾಕೆ ಹೊರಟಿದ್ದರೆಂಬುದನ್ನು ಮೇ ತಿಂಗಳ ಒಂದು ಮಧ್ಯಾಹ್ನ ಹೇಳಿದರು. ಹಿಂದಿನ ಜಗಲಿಯ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾವಿಬ್ಬರು, ಮೂವರಿಗೂ ಮಾಸ್ಕು. ನಡುವೆ ಖರ್ಜೂರದಷ್ಟು ಸಿಹಿಯಾದ ಒಣಗಿಸಿದ ಕಾಕಿ ಹಣ್ಣಿನ ತಟ್ಟೆ. ಅಂಗಳದಲ್ಲಿದ್ದ ಕಾಕಿ ಮರದ ಹಣ್ಣೇ ಅದು.

ಮೋರಿತಾ ಸಾನ್ ತಂದೆ ದಾಲಿಯನ್‌ನ ಒಂದು ಎಣ್ಣೆ ಮಿಲ್ಲಿನಲ್ಲಿ ಯಂತ್ರಗಳ ಮೇಲ್ವಿಚಾರಕರಾಗಿದ್ದರು. ಆ ಊರು ಬೆಳೆದದ್ದೇ ಸೋಯಾ ಕಾಳಿನಿಂದ. ಮೀನುಗಾರರ ಗುಡಿಸಲುಗಳಿದ್ದ ತೀರಕ್ಕೆ ರಷ್ಯನ್ನರು ಬಂದು, ಕೈವಾರ ಹಿಡಿದು ನಡುವೆ ಒಂದು ದುಂಡು ಮೈದಾನ ಗೀರಿ, ಸುತ್ತ ಬೀದಿಗಳನ್ನು ಎಳೆದರು. ಅವರಿಂದ ಜಪಾನಿಗಳು ಕಿತ್ತುಕೊಂಡರು. ರೈಲು ಒಳನಾಡಿನಿಂದ ಸೋಯಾ ತಂದು ಸುರಿಯಿತು, ಮಿಲ್ಲುಗಳು ಎಣ್ಣೆ ತೆಗೆದವು, ಉಳಿದ ಹಿಂಡಿಯನ್ನು ಬೀಸುವ ಕಲ್ಲಿನಂಥ ದುಂಡು ಬಿಲ್ಲೆಗಳಾಗಿ ಒತ್ತಿ ಹಡಗಿಗೆ ಹೇರಿದರು. ಜಪಾನಿನ ಗದ್ದೆಗಳಿಗೆ ಅದು ಗೊಬ್ಬರ. ಹಿಂಡಿ ಹೆಚ್ಚಾದಂತೆ ಧಕ್ಕೆ ಸಾಲದಾಯಿತು, ಧಕ್ಕೆ ಬೆಳೆದಂತೆ ಸಮುದ್ರ ಹಿಂದೆ ಸರಿಯಿತು. ಇದನ್ನೆಲ್ಲ ನಾನು ಓದಿ ತಿಳಿದಿದ್ದೆ. ಅದರ ವಾಸನೆ ಮಾತ್ರ ನನಗೆ ಗೊತ್ತಿರಲಿಲ್ಲ.

"ಊರೆಲ್ಲ ಅದೇ ವಾಸನೆ" ಎಂದರು ಮೋರಿತಾ ಸಾನ್. "ಅಪ್ಪನ ಕೋಟು, ಅಮ್ಮನ ಕಿಮೋನೋ, ಸ್ಕೂಲಿನ ಪುಸ್ತಕ, ಎಲ್ಲಾದರಲ್ಲೂ."

"ನಮ್ಮಲ್ಲಿ ಅದನ್ನ ದನಕ್ಕೆ ಹಾಕ್ತಾರೆ. ಹಿಂಡಿ ಅಂತೀವಿ" ಎಂದಳು ರೇಖಾ.

"ಹಿಂಡಿ" ಎಂದು ಅವರು ಮೆಲ್ಲನೆ ಹೇಳಿ ನೋಡಿದರು. "ಆ ಚಳಿಗಾಲದಲ್ಲಿ ನಾವು ಅದನ್ನೇ ತಿಂದೆವು."

ಯುದ್ಧದಲ್ಲಿ ಜಪಾನ್ ಸೋತ ಮೇಲಿನ ಚಳಿಗಾಲ ಅದು. ಮಿಲ್ಲು ನಿಂತಿತ್ತು. ಮನೆಗೆ ಹೋಗುವ ಹಡಗು ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಜಪಾನಿಗಳೆಲ್ಲ ಕಾಯುತ್ತಿದ್ದರು. ಕಲ್ಲಿದ್ದಲಿಲ್ಲ, ಅಕ್ಕಿಯಿಲ್ಲ. ಹಿಂಡಿಯನ್ನು ಮಚ್ಚಿನಿಂದ ಒಡೆದು, ನೆನೆಸಿ, ಬೇಯಿಸಿ ತಿನ್ನುತ್ತಿದ್ದರು. ಮೋರಿತಾ ಸಾನ್‌ಗೆ ಆಗ ಏಳು ವರ್ಷ, ತಮ್ಮನಿಗೆ ನಾಲ್ಕು. ತಮ್ಮನನ್ನು ಎಲ್ಲರೂ ಕೆನ್‌ಚಾನ್ ಎಂದು ಮುದ್ದಿಗೆ ಕರೆಯುತ್ತಿದ್ದರು. ಹಡಗು ಯಾವಾಗ ಬರುತ್ತದೆ ಎಂದು ಅವನು ದಿನವೂ ಕೇಳುತ್ತಿದ್ದ. ಜ್ವರ ಬಂದ ಮೇಲೂ ಕೇಳುತ್ತಿದ್ದ. ಒಂದು ಬೆಳಗ್ಗೆ ಕೇಳಲಿಲ್ಲ.

ಮಿಲ್ಲಿನ ಹಿಂದೆ, ಸಮುದ್ರಕ್ಕೆ ಮುಖ ಮಾಡಿದ ಒಂದು ಸಣ್ಣ ಗುಡ್ಡವಿತ್ತು. ಹೆಪ್ಪುಗಟ್ಟಿದ ನೆಲವನ್ನು ಅಗೆಯಲು ತಂದೆಗೆ ಆಗಲಿಲ್ಲ. ಮಿಲ್ಲಿನಲ್ಲಿ ಕೂಲಿ ಮಾಡುತ್ತಿದ್ದ ಒಬ್ಬ ಚೀನೀ ಮನುಷ್ಯ ಹಾರೆ ತಂದು, ಬೆಂಕಿ ಹಾಕಿ ನೆಲ ಕಾಯಿಸಿ, ಅಗೆದು ಕೊಟ್ಟ. ಹಡಗು ಬಂದ ದಿನ ಕರೆದುಕೊಂಡು ಹೋಗುತ್ತೇವೆಂದು ತಮ್ಮನಿಗೆ ಹೇಳು ಎಂದು ತಾಯಿ ಮಗಳಿಗೆ ಹೇಳಿದರು. ಅವಳು ಬಾಗಿ ಹೇಳಿದಳು. ಮರುವರ್ಷದ ಚಳಿಗಾಲದಲ್ಲಿ ಹಡಗು ಬಂದಾಗ ನೆಲ ಮತ್ತೆ ಹೆಪ್ಪುಗಟ್ಟಿತ್ತು, ಗುಡ್ಡದ ಕಡೆ ಹೋಗಲು ಕಾವಲಿನವರು ಬಿಡಲಿಲ್ಲ. ಕ್ಯೋಟೋಗೆ ಬಂದು ಈ ಮನೆ ಸೇರಿದ ಮೇಲೆ ತಾಯಿಗೆ ಒಂದೇ ಚಿಂತೆ. ಕೆನ್‌ಚಾನ್ ಈ ಮನೆಯನ್ನು ನೋಡಿದವನೇ ಅಲ್ಲ, ಸತ್ತವರು ಮನೆಗೆ ಬರುವ ಹಬ್ಬಕ್ಕೆ ಹೇಗೆ ಬರುತ್ತಾನೆ? ಸಾಯುವಾಗ ಮಗಳ ಕೈ ಹಿಡಿದು, ಆ ಜಾಗದ ಒಂದು ಹಿಡಿ ಮಣ್ಣು ತಂದು ಮನೆತನದ ಸಮಾಧಿಯಲ್ಲಿ ಹಾಕು ಎಂದಿದ್ದರು.

ಚಹಾ ಡಬ್ಬಿ ಆ ಮಣ್ಣಿಗೆ.

"ಹೊರದೇಶದ ಮಣ್ಣನ್ನ ಏರ್‌ಪೋರ್ಟಲ್ಲಿ ಒಳಗೆ ಬಿಡಲ್ಲ, ಮೋರಿತಾ ಸಾನ್" ಎಂದು ನಾನು ಹೇಳದಿರಲಾಗಲಿಲ್ಲ.

"ಗೊತ್ತು. ಅದಕ್ಕೇ ಚಹಾ ಡಬ್ಬಿ" ಎಂದರು ಆ ಶಿಸ್ತಿನ ಹೆಂಗಸು. ಸೈಕಲ್ ಸೊಟ್ಟ ನಿಂತರೆ ಸಹಿಸದವರು!

ಆಮೇಲೆ ಅವರು ನನ್ನನ್ನು ಒಂದೇ ಒಂದು ಕೇಳಿಕೊಂಡರು. ಗಡಿ ಯಾವಾಗ ತೆರೆಯುತ್ತದೋ, ಅಷ್ಟರಲ್ಲಿ ತಾನಿರುತ್ತೇನೋ ಇಲ್ಲವೋ. ನಾನು ನಕ್ಷೆಯ ಕೆಲಸದವನು. ಈಗಿನ ಊರಿನಲ್ಲಿ ಆ ಜಾಗ ಎಲ್ಲಿದೆ ಎಂದು ಗುರುತಿಸಿ ಕೊಡಬೇಕು, ತಾನಿಲ್ಲದಿದ್ದರೆ ನಾನೇ ಹೋಗಿ ತರಬೇಕು. ಮಿಲ್ಲಿನ ಚಿಮಣಿಗೆ ಬೆನ್ನು ಮಾಡಿ ನಿಂತರೆ ಎದುರಿಗೆ ಅಲೆತಡೆ ಗೋಡೆಯ ತುದಿಯ ದೀಪಸ್ತಂಭ ಕಾಣುತ್ತಿತ್ತು, ಗುಡ್ಡದ ಬುಡದಲ್ಲೇ ಸಮುದ್ರ. ಅವರಿಗೆ ನೆನಪಿದ್ದದ್ದು ಅಷ್ಟು.

ಇದಕ್ಕಿಂತ ಸುಲಭದ ಕೆಲಸವಿಲ್ಲ ಎಂದುಕೊಂಡೆ. ಜೂನ್ ಪೂರ್ತಿ ಮಳೆ ಜಿನುಗುತ್ತಿತ್ತು, ಲೈಬ್ರರಿ ಮುಚ್ಚಿತ್ತು. ನಾನು ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತೆ. ಹಳೆಯ ನಕ್ಷೆಯನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವುದು ನಮ್ಮ ದಿನನಿತ್ಯದ ಕೆಲಸ. ಎರಡರಲ್ಲೂ ಇರುವ, ಅಲುಗದ ಕೆಲವು ಗುರುತುಗಳನ್ನು ಹಿಡಿದು ಮೊಳೆ ಹೊಡೆದಂತೆ ಕೂಡಿಸಿದರೆ, ಉಳಿದದ್ದೆಲ್ಲ ತಾನಾಗಿ ಅದರದರ ಜಾಗಕ್ಕೆ ಬಂದು ಕೂರುತ್ತದೆ. ಬಂದರು ಊರಿನಲ್ಲಿ ತೀರವನ್ನು ನಂಬಬಾರದು ಎಂದು ಹೊಸಬರಿಗೂ ಗೊತ್ತು. ಆ ಊರಿಗೆ ಸಮುದ್ರ ಬೇಕು, ಆದರೆ ಅದು ಇದ್ದಲ್ಲಿ ಇರಬಾರದು. ಹಾಗಾಗಿ ನಾನು ದುಂಡು ಮೈದಾನವನ್ನು ಹಿಡಿದೆ, ರೈಲು ನಿಲ್ದಾಣವನ್ನು ಹಿಡಿದೆ, ಮೂರನೆಯದಾಗಿ ಮಿಲ್ಲಿನ ಹಿಂದಿನ ಗುಡ್ಡವನ್ನು ಹಿಡಿದೆ. ಉಪಗ್ರಹ ಚಿತ್ರದಲ್ಲೂ ಆ ಕಡೆ ಒಂದು ಹಸಿರು ಗುಡ್ಡ ಇತ್ತಲ್ಲ.

ನಕ್ಷೆ ಕೂರಲಿಲ್ಲ. ಧಕ್ಕೆಯ ರಸ್ತೆ ಅಪಾರ್ಟ್‌ಮೆಂಟಿನ ಗೋಡೆಗೆ ಹೋಗಿ ಗುದ್ದಿತು. ರೈಲು ಹಳಿ ಹಾವಿನಂತೆ ಹೊರಳಿತು. ದೀಪಸ್ತಂಭ ನಡುಸಮುದ್ರಕ್ಕೆ ಹೋಯಿತು. ಮೇಲಿನ ನಕ್ಷೆಯನ್ನು ತಿಳಿಗೊಳಿಸುವ ಒಂದು ಗುಂಡಿಯಿರುತ್ತದೆ, ಎಳೆದರೆ ಹಳೆಯ ಊರು ಮಾಸುತ್ತ ಹೊಸ ಊರು ಏಳುತ್ತದೆ, ತಿರುಗಿ ಎಳೆದರೆ ಗಾಜಿನ ಗೋಪುರಗಳೊಳಗಿಂದ ಮಿಲ್ಲುಗಳೂ ಗೋದಾಮುಗಳೂ ತೇಲಿ ಬರುತ್ತವೆ. ದಿನವೆಲ್ಲ ಅದನ್ನೇ ಮಾಡಿ ಮಾಡಿ ನನಗೆ ನಮ್ಮ ಗಲ್ಲಿಯ ಮನೆಗಳ ಹಿಂದೆಯೂ ಬೇರೆ ಯಾವುದೋ ಮನೆಗಳು ನಿಂತಿರುವಂತೆ ಅನಿಸತೊಡಗಿತು. ಮೂಲೆಯ ಕೊಂಬಿನಿ ಅಂಗಡಿಗೆ ಹಾಲು ತರಲು ಹೋದವನು ಅಂಗಡಿಯ ಮುಂದೆ ನಿಂತು, ಇದರಡಿ ಏನಿತ್ತು ಎಂದು ಯೋಚಿಸುತ್ತಿದ್ದೆ.

"ತಲೆ ಕೆಟ್ಟಿದೆ ನಿಂಗೆ" ಎಂದಳು ರೇಖಾ. "ಸ್ಟೇಶನ್ನು, ಸರ್ಕಲ್ಲು ಎರಡೂ ಸರಿ ಕೂತಿತ್ತಲ್ಲ. ಆ ಗುಡ್ಡ ಹಾಕಿದ ಮೇಲೆ ತಾನೆ ಹಾಳಾಗಿದ್ದು? ಗುಡ್ಡ ತೆಗೆದು ನೋಡು."

"ಗುಡ್ಡ ಎಲ್ಲಿಗೆ ಹೋಗುತ್ತೆ ಮಾರಾಯ್ತಿ? ರೋಡು ಹೋಗಬಹುದು, ಮನೆ ಹೋಗಬಹುದು."

ಮೈಸೂರಿನಲ್ಲಿ ಹುಟ್ಟಿದವನು ಆಡುವ ಮಾತು ಇದು. ನಮಗೆ ದಿಕ್ಕು ಎಂದರೆ ಚಾಮುಂಡಿ ಬೆಟ್ಟ. ದಾರಿ ತಪ್ಪಿದರೆ ಕತ್ತೆತ್ತಿ ಬೆಟ್ಟ ನೋಡುತ್ತೇವೆ, ಯಾರಿಗಾದರೂ ಮನೆಯ ದಾರಿ ಹೇಳುವುದಾದರೂ ಬೆಟ್ಟದಿಂದ ಶುರು. ಬೆಟ್ಟವೇ ಜಾಗ ಬಿಟ್ಟು ಹೋಗಬಹುದು ಎಂಬ ಯೋಚನೆ ನನ್ನ ತಲೆಯ ಯಾವ ಮೂಲೆಯಲ್ಲೂ ಇರಲಿಲ್ಲ. ಹೀಗೆ ಜುಲೈ ತಿಂಗಳೂ ಹೋಯಿತು. ಕೆಳಗೆ ಮೋರಿತಾ ಸಾನ್ ಏನೂ ಕೇಳುತ್ತಿರಲಿಲ್ಲ. ನಾನು ಮೆಟ್ಟಿಲಿಳಿದಾಗಲೆಲ್ಲ ತಲೆಯೆತ್ತಿ ಒಮ್ಮೆ ಮುಖ ನೋಡುತ್ತಿದ್ದರು, ಅಷ್ಟೇ.

ನಮ್ಮ ವಿಭಾಗದಲ್ಲಿ ಲಿನ್ ಸಾನ್ ಎಂಬ ಹುಡುಗಿ ಪಿಎಚ್.ಡಿ. ಮಾಡುತ್ತಿದ್ದಳು. ದಾಲಿಯನ್‌ನವಳೇ, ಅವಳೂ ಊರಿಗೆ ಹೋಗಲಾಗದೆ ಸಿಕ್ಕಿಕೊಂಡಿದ್ದಳು. ಜುಲೈ ಕೊನೆಯ ಆನ್‌ಲೈನ್ ಮೀಟಿಂಗ್ ಮುಗಿದು ಎಲ್ಲರೂ ಹೋದ ಮೇಲೆ, ಒಂದು ನಿಮಿಷ ಇರು ಎಂದು ಅವಳಿಗೆ ನನ್ನ ಸೊಟ್ಟ ನಕ್ಷೆಯನ್ನು ತೋರಿಸಿದೆ. ಅವಳು ಪರದೆಗೆ ಹತ್ತಿರ ಬಂದು ನೋಡಿದಳು.

"ಶ್ರೀಧರ್ ಸಾನ್, ನೀವು ಹಿಡಿದಿರೋದು ಬೇರೆ ಗುಡ್ಡ."

"ಮತ್ತೆ ಆ ಗುಡ್ಡ ಯಾವುದು?"

"ಅದು ಈಗ ಇಲ್ಲ. ಕಡಿದು ಸಮುದ್ರಕ್ಕೆ ಸುರಿದರು. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಲಾರಿಗಳು ಹೋಗ್ತಾನೇ ಇರ್ತಿದ್ದವು. ಅನ್ನದ ಬಟ್ಟಲಲ್ಲೂ ಧೂಳು."

"ಇಡೀ ಗುಡ್ಡಾನಾ?"

"ಇಡೀ ಗುಡ್ಡ. ಸುರಿದು ಬಂದ ಹೊಸ ನೆಲದ ಮೇಲೆ ಈಗ ನಮ್ಮ ಫ್ಲ್ಯಾಟ್ ಇದೆ. ಅಮ್ಮ ಅಲ್ಲೇ ಇದಾಳೆ."

ಅವಳು ಚಿತ್ರವನ್ನು ಸರಿಸಿ ತೋರಿಸಿದಳು. ಹಳೆಯ ನಕ್ಷೆಯಲ್ಲಿ ನೀಲಿ ಬಣ್ಣವಿದ್ದಲ್ಲಿ ಈಗ ಗೋಪುರದಂಥ ಕಟ್ಟಡಗಳು, ಅವುಗಳ ನಡುವೆ ಇಟಲಿಯ ವೆನಿಸ್ ನಗರವನ್ನು ನೋಡಿ ಮಾಡಿದ ಕಾಲುವೆಗಳು, ಬಣ್ಣದ ದೋಣಿಗಳು. ಮಿಲ್ಲು, ಗೋದಾಮು ಯಾವುದೂ ಇಲ್ಲ. ಸರಕಿನ ಬಂದರು ಬೇರೆ ಕೊಲ್ಲಿಗೆ ಹೋಗಿದೆ. ನಾನು ಗುಡ್ಡದ ಗುರುತನ್ನು ಕಿತ್ತು ಹಾಕಿದೆ. ನಕ್ಷೆ ಒಂದೇ ಏಟಿಗೆ ನೆಟ್ಟಗೆ ಕೂತಿತು. ಕೆನ್‌ಚಾನ್ ಇದ್ದ ಜಾಗದಲ್ಲಿ ಆರು ಸಾಲಿನ ರಸ್ತೆಯಿತ್ತು, ಅವನನ್ನು ಹೊತ್ತ ಮಣ್ಣು ಎಲ್ಲೋ ಆ ಕಟ್ಟಡಗಳ ಕೆಳಗಿತ್ತು.

ಮೋರಿತಾ ಸಾನ್ ವಿಷಯವನ್ನು ಲಿನ್‌ಗೆ ಹೇಳಿದೆ.

"ನಮ್ಮ ಮುತ್ತಜ್ಜ ಆ ಧಕ್ಕೆಯಲ್ಲಿ ಹಿಂಡಿ ಹೊರುತ್ತಿದ್ದ" ಎಂದಳು. "ಕೊಲ್ಲಿಯಾಚೆಯ ಶಾನ್‌ತುಂಗ್ ಪ್ರಾಂತ್ಯದಿಂದ ಹೊಟ್ಟೆಪಾಡಿಗೆ ಬಂದವನು. ಹೊತ್ತು ಹೊತ್ತೇ ಸತ್ತ. ಕೂಲಿಗಳನ್ನೂ ಅದೇ ಗುಡ್ಡದಲ್ಲಿ ಹುಗೀತಿದ್ದರಂತೆ, ಯಾವ ಗುರುತೂ ಇಲ್ಲದೆ. ಗುಡ್ಡ ಕಡಿಯೋವಾಗ ನಮ್ಮನ್ನೂ ಯಾರೂ ಕೇಳಲಿಲ್ಲ. ನಿಮ್ಮ ಮನೆಯೊಡತಿಗೆ ತಮ್ಮ ಒಬ್ಬ. ನಮ್ಮವರು ಎಷ್ಟು ಜನ ಅಂತ ಅವರಪ್ಪನ ಮಿಲ್ಲಿಗೆ ಗೊತ್ತಿತ್ತಾ?"

ಅವಳ ಸಿಟ್ಟು ನ್ಯಾಯದ್ದು. ಅವಳು ಸುಮಿಮಾಸೆನ್, ಕ್ಷಮಿಸಿ ಎಂದು ಪರದೆ ಮುಚ್ಚಿದಳು.

ಆಗಸ್ಟ್ ನಡುವಿಗೆ ಓಬೊನ್ ಬಂತು. ನಮ್ಮ ಪಕ್ಷಮಾಸದ ಹಾಗೆ, ಮನೆಯ ಹಿರಿಯರು ಬಂದು ಇದ್ದು ಹೋಗುವ ದಿನಗಳು. ಆ ವಾರದಲ್ಲೇ ನನ್ನ ತಂದೆಯ ತಿಥಿಯೂ ಬಿದ್ದಿತ್ತು. ಪ್ರತಿ ವರ್ಷ ಅದಕ್ಕಾಗಿಯೇ ಮೈಸೂರಿಗೆ ಹೋಗುತ್ತಿದ್ದವನು ಆ ಸಲ ಎಳ್ಳು, ನೀರು, ತಾಮ್ರದ ತಟ್ಟೆ ಇಟ್ಟುಕೊಂಡು ಫೋನಿನ ಮುಂದೆ ಕುಳಿತೆ. ಮನೆಯ ಪುರೋಹಿತರಾದ ಭಟ್ಟರು ಅಲ್ಲಿಂದ ಮಂತ್ರ ಹೇಳಿಕೊಡುತ್ತಿದ್ದರು. ಸಂಕಲ್ಪದಲ್ಲಿ ನಾವು ಕುಳಿತ ದೇಶ, ನದಿ, ದಡ ಎಲ್ಲವನ್ನೂ ಹೇಳುವುದು ಪದ್ಧತಿ. ಭಟ್ಟರು ರೂಢಿಯಂತೆ ಭರತಖಂಡ, ಗೋದಾವರಿಯ ದಕ್ಷಿಣ ತೀರ ಎಂದು ಓಡಿಸತೊಡಗಿದವರು ಫಕ್ಕನೆ ನಿಂತರು.

"ತಡೀರಿ ತಡೀರಿ. ನೀವು ಅಲ್ಲಿದ್ದೀರಿ ಅಲ್ವೆ? ಅಲ್ಲಿ ಯಾವ ನದಿ?"

"ಕಾಮೋ ಅಂತ."

"ಯಾವ ಕಡೆ ದಡ?"

"ಪೂರ್ವ."

"ಸರಿ. ಕಾಮೋ ನದ್ಯಾಃ ಪೂರ್ವತೀರೇ ಅನ್ನಿ. ಭರತಖಂಡ ಬಿಟ್ಬಿಡಿ. ಜಂಬೂದ್ವೀಪ ಇರ್ಲಿ, ಅದು ದೊಡ್ಡದು, ಯಾರೂ ತಕರಾರು ಮಾಡಲ್ಲ."

ನನಗೆ ನಗು ಬಂತು. "ಇಷ್ಟೆಲ್ಲಾ ಸರಿ ಮಾಡ್ಬೇಕಾ ಭಟ್ರೇ?"

"ಮತ್ತೆ? ನೀವಿರೋ ಜಾಗ ಸರಿಯಾಗಿ ಹೇಳ್ಲಿಲ್ಲ ಅಂದ್ರೆ ಅವರು ಎಲ್ಲಿಗೆ ಬರ್ತಾರೆ?" ಎಂದರು ಭಟ್ಟರು.

ಕೆಳಗಿನ ಮನೆಯಲ್ಲಿ ಮೋರಿತಾ ಸಾನ್ ತಾಯಿ ಇದೇ ಮಾತನ್ನು ಹೇಳುತ್ತ ಸತ್ತಿದ್ದರು. ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗಲಿಲ್ಲ. ತಿಥಿಯ ಊಟ ಮುಗಿಸಿ ಕೆಳಗಿಳಿದೆ.

ಜಗಲಿಯಲ್ಲಿ, ಬುದ್ಧನ ಗೂಡಿನಿಂದ ದೂರ, ದಾಲಿಯನ್ ಇರುವ ವಾಯವ್ಯಕ್ಕೆ ಮುಖ ಮಾಡಿ ಒಂದು ಪುಟ್ಟ ಬಟ್ಟಲಲ್ಲಿ ನೀರಿತ್ತು. ಒಳಗೆ ಬರಲು ದಾರಿ ತಿಳಿಯದವನಿಗೆ ಅವರು ಪ್ರತಿ ಓಬೊನ್‌ಗೂ ಹೊರಗೇ ಇಡುವ ನೀರು. ನಾನು ಸುತ್ತಿಬಳಸದೆ ಹೇಳಿದೆ. ಗುಡ್ಡವಿಲ್ಲ. ಅದರ ಮಣ್ಣೆಲ್ಲ ಸಮುದ್ರಕ್ಕೆ ಹೋಗಿದೆ. ಅದರ ಮೇಲೆ ಊರಾಗಿದೆ. ಲಿನ್ ಹೇಳಿದ ಕೂಲಿಗಳ ಮಾತನ್ನೂ, ಅವಳ ಮುತ್ತಜ್ಜನ ವಿಷಯವನ್ನೂ ಬಿಡದೆ ಹೇಳಿದೆ.

ಅವರು ಅಳಲಿಲ್ಲ. ಅಂಗಳದ ಕಾಕಿ ಮರವನ್ನು ನೋಡಿದರು. ಕಾಯಿ ಇನ್ನೂ ಹಸಿರಿತ್ತು.

"ಅವನನ್ನ ಅಗೆದರು ಅಂತಾಯಿತು" ಎಂದರು. "ಎಚ್ಚರ ಆಗಿರುತ್ತೆ."

ನನ್ನ ಕಡೆ ತಿರುಗಿ, "ಲಿನ್ ಸಾನ್ ಮುತ್ತಜ್ಜನ ಹೆಸರೇನು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಒಳಗೆ ಹೋಗಿ ಇನ್ನೊಂದು ಬಟ್ಟಲು ತಂದು, ನೀರು ತುಂಬಿ, ಮೊದಲನೆಯದರ ಪಕ್ಕದಲ್ಲಿ ಇಟ್ಟರು. ಇದನ್ನು ಆಮೇಲೆ ಲಿನ್‌ಗೆ ಹೇಳಿದೆ. ಹೇಳಬೇಕು ಎಂದು ಹೇಳಿದ್ದಲ್ಲ, ಹೇಳದೆ ಇರಲಾಗಲಿಲ್ಲ.

ಓಬೊನ್‌ನ ಕೊನೆಯ ಸಂಜೆ ಕ್ಯೋಟೋ ಸುತ್ತಲಿನ ಬೆಟ್ಟಗಳ ಮೇಲೆ ಬೆಂಕಿಯಿಂದ ದೊಡ್ಡ ದೊಡ್ಡ ಅಕ್ಷರಗಳನ್ನು ಬರೆದು ಹಿರಿಯರ ಆತ್ಮಗಳನ್ನು ಕಳಿಸಿಕೊಡುತ್ತಾರೆ. ಆ ವರ್ಷ ಜನ ಸೇರಬಾರದೆಂದು ಅಕ್ಷರದ ತುದಿಗಳಲ್ಲಿ ಮಾತ್ರ ಒಂದೊಂದು ಬೆಂಕಿ ಹಾಕಿದ್ದರು. ನಮ್ಮ ಮಹಡಿಯ ಕಿಟಕಿಯಿಂದ ಮೂವರೂ ನೋಡಿದೆವು. ಕಪ್ಪು ಬೆಟ್ಟದ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ. ಗೊತ್ತಿಲ್ಲದವರು ಅದನ್ನು ಅಕ್ಷರ ಎನ್ನುತ್ತಿರಲಿಲ್ಲ.

"ಇಷ್ಟು ಬೆಳಕಲ್ಲಿ ಹೋಗೋರಿಗೆ ದಾರಿ ಕಾಣಲ್ಲ" ಎಂದರು ಮೋರಿತಾ ಸಾನ್. "ಈ ವರ್ಷ ಎಲ್ಲರೂ ಇಲ್ಲೇ ಉಳಿದುಬಿಡ್ತಾರೆ."

ಅವರು ನಕ್ಕದ್ದೋ ಅಲ್ಲವೋ ಮಾಸ್ಕಿನ ಹಿಂದೆ ತಿಳಿಯಲಿಲ್ಲ. ರೇಖಾ ನನ್ನ ಕೈ ಹಿಡಿದುಕೊಂಡಳು. ಆ ದಿನಗಳಲ್ಲಿ ಖಾಲಿ ಬಸ್ಸಿನ ಅರಿಗಾತೋ ಕೇಳಿದಾಗಲೆಲ್ಲ ನನಗೆ ಅವರ ಮಾತೇ ನೆನಪಾಗುತ್ತಿತ್ತು.

ಸೆಪ್ಟೆಂಬರ್ ಮೊದಲಲ್ಲಿ ಲಿನ್ ತಾನಾಗಿ ಫೋನ್ ಮಾಡಿದಳು. ಚೀನಾದಲ್ಲಿ ಏಳನೆಯ ತಿಂಗಳ ಹುಣ್ಣಿಮೆ ಸತ್ತವರ ದಿನ. ಸಂಜೆ ರಸ್ತೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ವೃತ್ತ ಬರೆದು, ಒಂದು ಕಡೆ ಬಾಯಿ ಬಿಟ್ಟು, ಒಳಗೆ ಕಾಗದ ಸುಡುತ್ತಾರೆ. ಅವಳ ತಾಯಿ ಪ್ರತಿ ವರ್ಷ ಹೆಸರು ಗೊತ್ತಿಲ್ಲದ ತನ್ನ ಅಜ್ಜನಿಗೆ ಸುಡುವವಳು. ಲಿನ್ ಎರಡು ಬಟ್ಟಲಿನ ಕಥೆಯನ್ನು ತಾಯಿಗೆ ಹೇಳಿದ್ದಳು.

"ಅಮ್ಮ ಏನೂ ಯೋಚನೆ ಮಾಡಲಿಲ್ಲ. ನಾಲ್ಕು ವರ್ಷದ ಮಗು ಅದು, ಅದಕ್ಕೇನು ಗೊತ್ತು ಮಿಲ್ಲು ಯಾರದು ಅಂತ, ಅಂದಳು. ಇಬ್ಬರೂ ಅಲ್ಲೇ ನಮ್ಮ ಕಾಲ ಕೆಳಗೇ ಇದಾರಂತೆ. ಮಗುವಿನ ಹೆಸರು ಅವಳ ಬಾಯಲ್ಲಿ ಸರಿ ಬರಲ್ಲ. ಅಕ್ಕನೇ ಕರೀಲಿ ಅಂತಿದಾಳೆ."

ಆ ಸಂಜೆ ಲಿನ್ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದಳು. ಬಂದವಳೇ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದಳು, ಮೋರಿತಾ ಸಾನ್ ಅದನ್ನು ಗಮನಿಸಿದರು. ಇಬ್ಬರೂ ಒಬ್ಬರಿಗೊಬ್ಬರು ಬಾಗಿ ವಂದಿಸಿದರು. ಜಗಲಿಯಲ್ಲಿ ಲಿನ್‌ಳ ಫೋನನ್ನು ಖಾಲಿ ಚಹಾ ಡಬ್ಬಿಗೆ ಒರಗಿಸಿ ಇಟ್ಟೆವು.

ಪರದೆಯಲ್ಲಿ ಮಾಸ್ಕು ಹಾಕಿದ ಒಬ್ಬ ನಡುವಯಸ್ಸಿನ ಹೆಂಗಸು ಕೈಬೀಸಿದಳು. ಹಿಂದೆ ಎತ್ತರದ ಕಟ್ಟಡಗಳು, ಕಾಲುವೆಯ ಮೇಲೆ ಬಣ್ಣದ ದೀಪಗಳು. ಅವಳು ರಸ್ತೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ವೃತ್ತ ಬರೆದು, ಅತ್ತಿತ್ತ ನೋಡಿ ಬೇಗ ಕಾಗದಕ್ಕೆ ಬೆಂಕಿ ಹಚ್ಚಿದಳು. ತನ್ನ ಅಜ್ಜನಿಗೆ ಏನೋ ಹೇಳಿದಳು. ಆಮೇಲೆ ನಮ್ಮ ಕಡೆ ತಿರುಗಿ ಪ್ರಶ್ನೆ ಕೇಳಿದಳು.

"ಈಗ ನೀವು ಹೇಳಬಹುದಂತೆ" ಎಂದಳು ಲಿನ್. "ಮಣ್ಣು ಬೇಕಾದರೆ ಹೂವಿನ ಪಾತಿಯಿಂದ ತೆಗೆದಿಡ್ತಾಳಂತೆ. ಎಲ್ಲಿ ಅಗೆದರೂ ಆ ಗುಡ್ಡವೇ ಅಂತಿದಾಳೆ."

"ಬೇಡ" ಎಂದರು ಮೋರಿತಾ ಸಾನ್. "ಗಡಿ ತೆರೆಯೋವರೆಗೆ ನಾನಿರ್ತೀನೋ ಇಲ್ಲವೋ. ಅವನು ಹೇಗೂ ಎದ್ದಿದಾನೆ. ದಾರಿ ಹೇಳ್ತೀನಿ, ಅವನೇ ಬರಲಿ."

ಲಿನ್‌ಳ ತಾಯಿ ಫೋನನ್ನು ವೃತ್ತದ ಬಾಯಿಯ ಬಳಿ, ನೆಲಕ್ಕೆ ತಾಗಿಸಿ ಇಟ್ಟಳು. ಪರದೆ ಕಪ್ಪಾಯಿತು. ಗಾಳಿಯ ಸದ್ದು ಬರುತ್ತಿತ್ತು, ಕಾಗದ ಉರಿಯುವ ಸದ್ದು, ದೂರದಲ್ಲೆಲ್ಲೋ ಒಂದು ಹಡಗಿನ ಕೂಗು. ಮೋರಿತಾ ಸಾನ್ ಮಾಸ್ಕು ತೆಗೆದರು. ಅವರ ಪೂರ್ತಿ ಮುಖವನ್ನು ನಾನು ನೋಡಿ ತಿಂಗಳುಗಳಾಗಿದ್ದವು. ಅವರು ಫೋನಿನತ್ತ ಬಾಗಿದರು.

"ಕೆನ್‌ಚಾನ್" ಎಂದರು. "ಅಕ್ಕ ಮಾತಾಡ್ತಿದೀನಿ. ಕೇಳಿಸ್ಕೋ. ಮನೆ ಕ್ಯೋಟೋದಲ್ಲಿದೆ. ಕಾಮೋ ಅಂತ ನದಿ ಇದೆ. ಎರಡು ನದಿ ಸೇರೋ ಕಡೆ ಒಂದು ಸೇತುವೆ. ಅಲ್ಲಿ ಪೂರ್ವದ ದಡಕ್ಕೆ ಬಾ. ಬೆಟ್ಟ ಎದುರಿಗೆ ಕಾಣುತ್ತೆ. ಎಡಕ್ಕೆ ಸಣ್ಣ ಗಲ್ಲಿ. ಕಾಕಿ ಮರ ಇರೋ ಮನೆ. ಅಮ್ಮ, ಅಪ್ಪ ಎಲ್ಲರೂ ಇಲ್ಲೇ ಇದಾರೆ. ಬಾಗಿಲು ಹಾಕಿರಲ್ಲ."

ತಪ್ಪಿಸಿಕೊಂಡರೆ ಯಾರಿಗಾದರೂ ಹೇಳಲಿ ಎಂದು ಚಿಕ್ಕ ಮಕ್ಕಳಿಗೆ ಮನೆಯ ವಿಳಾಸ ಕಲಿಸುತ್ತೇವಲ್ಲ, ಅದೇ ದನಿ. ರೇಖಾ ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು. ಲಿನ್ ಅಳಲಿಲ್ಲ, ತುಟಿ ಕಚ್ಚಿ ನಿಂತಿದ್ದಳು. ಆ ಕಡೆ ಬೆಂಕಿಯ ಸದ್ದು ಕಡಿಮೆಯಾಯಿತು. ಲಿನ್‌ಳ ತಾಯಿ ಏನೋ ಕೇಳಿದಳು.

"ಆಯ್ತಾ, ಎತ್ಕೊಳ್ಳಾ ಅಂತಿದಾಳೆ" ಎಂದಳು ಲಿನ್.

"ಸುಮಿಮಾಸೆನ್, ಇನ್ನೂ ಸ್ವಲ್ಪ ಹೊತ್ತು ಇಡೋಕೆ ಹೇಳಿ" ಎಂದರು ಮೋರಿತಾ ಸಾನ್. "ಚಿಕ್ಕವನು. ಒಂದು ಸಲ ಹೇಳಿದರೆ ಬಾಯಿಗೆ ಬರಲ್ಲ."

ಮತ್ತೆ ಬಾಗಿ, ನದಿಯಿಂದ ಶುರು ಮಾಡಿದರು.